ಗುಂಡ್ಲುಪೇಟೆಯಲ್ಲಿ ಲ್ಯಾಟಿನ್ ಕಲಿಸಿದವರು

ಟೀಚರ್ ತೀರಿಕೊಂಡ ಸುದ್ದಿ ನನ್ನ ಹಳೆಯ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರಿಗಿಂತ ಮೊದಲು ಕೈಮುಗಿದ ಚಿತ್ರ ಹಾಕಿದವರು ಶಾಲೆಯ ಕಾರ್ಯದರ್ಶಿಗಳೇ. ಕೆಳಗೆ ‘ನಮ್ಮ ಸಂಸ್ಥೆಗೆ ತುಂಬಲಾರದ ನಷ್ಟ’ ಎಂದು ಬರೆದಿದ್ದರು. ಆಮೇಲೆ ಒಬ್ಬೊಬ್ಬರಾಗಿ ಹೂವು, ದೀಪ, ಓಂ ಶಾಂತಿ. ನಾನು ಆ ಶಾಲೆ ಬಿಟ್ಟು ವರ್ಷಗಳೇ ಆದರೂ ಆ ಗುಂಪಿನಿಂದ ನನ್ನನ್ನು ಯಾರೂ ತೆಗೆದಿರಲಿಲ್ಲ. ಟೀಚರನ್ನು ಮಾತ್ರ ಶಾಲೆ ಬಿಡಿಸಿದ ದಿನವೇ ಸಂಜೆಯೊಳಗೆ ತೆಗೆದಿದ್ದರು. ಹಾಗಾಗಿ ಅವರನ್ನು ಕುರಿತು ಅಲ್ಲಿ ಯಾರು ಎಷ್ಟು ಒಳ್ಳೆಯ ಮಾತು ಬರೆದರೂ ಅಡ್ಡಿಯಿರಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಗುವವರೆಗೂ ನಾನು ಆ ಹೂಗಳನ್ನೇ ನೋಡುತ್ತ ನಿಂತಿದ್ದೆ.

ಗುಂಡ್ಲುಪೇಟೆಯ ಆ ಖಾಸಗಿ ಶಾಲೆಯಲ್ಲಿ ಅವರು ಇಂಗ್ಲಿಷ್ ಟೀಚರ್, ನಾನು ಕನ್ನಡ ಟೀಚರ್. ನಮ್ಮೂರು ಭೀಮನಬೀಡು, ಅಲ್ಲಿಂದ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದೆ. ಅವರು ಬಂಡೀಪುರದ ಕಾಡಿನಾಚೆಯ ವಯನಾಡಿನವರು. ಗುಂಡ್ಲುಪೇಟೆಗೆ ಮಲಯಾಳಿಗಳು ಹೊಸಬರೇನಲ್ಲ. ಬೇಕರಿ ಇಟ್ಟವರು, ಶುಂಠಿ ಬೆಳೆಯಲು ಹೊಲ ಗುತ್ತಿಗೆಗೆ ಹಿಡಿದವರು, ಲಾರಿ ಓಡಿಸುವವರು ಎಲ್ಲ ಇದ್ದರು. ಆದರೆ ಐವತ್ತು ದಾಟಿದ ಒಂಟಿ ಹೆಂಗಸು ಬಂದು ಮನೆ ಮಾಡಿದ್ದು ಜನಕ್ಕೆ ಸ್ವಲ್ಪ ವಿಚಿತ್ರವಾಗಿ ಕಂಡಿತ್ತು. ಆಕೆ ಹಿಂದೆ ಕಾನ್ವೆಂಟಿನಲ್ಲಿ ಸಿಸ್ಟರ್ ಆಗಿದ್ದವರು, ಬಿಟ್ಟು ಬಂದವರು ಎಂಬುದು ಗೊತ್ತಾದ ಮೇಲೆ ಇನ್ನೂ ವಿಚಿತ್ರವಾಗಿ ಕಂಡಿತು.

ಅವರು ಉಡುತ್ತಿದ್ದದ್ದು ಕಣ್ಣಿಗೆ ಹೊಡೆಯುವ ಬಣ್ಣಗಳು. ಚೆಂಡುಹೂವಿನ ಹಳದಿ, ಗಿಣಿ ಹಸಿರು, ನೇರಳೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಯಾರೋ ಇದನ್ನು ಎತ್ತಿ ಆಡಿದಾಗ, ಅರ್ಧ ಆಯಸ್ಸು ಒಂದೇ ಬಣ್ಣ ಉಟ್ಟಿದ್ದೇನೆ, ಉಳಿದರ್ಧಕ್ಕೆ ಮಿಕ್ಕ ಬಣ್ಣವೆಲ್ಲ ಮುಗಿಸಬೇಕು ಎಂದಿದ್ದರು. ಅವರ ಕನ್ನಡ, ಮನೆ ಮಾಲೀಕರ ಹೆಂಡತಿಯಿಂದಲೂ ಸಂತೆಯ ತರಕಾರಿಯವರಿಂದಲೂ ಕಲಿತದ್ದು. ಹಾಗಾಗಿ ಅಚ್ಚುಕಟ್ಟಾದ ಕಾನ್ವೆಂಟ್ ಇಂಗ್ಲಿಷಿನ ನಡುವೆ ಇದ್ದಕ್ಕಿದ್ದಂತೆ ‘ಅದ್ನ ಬುಡಿ’, ‘ಓಗನ ನಡೀರಿ’ ಎಂದುಬಿಡುತ್ತಿದ್ದರು, ಅದೂ ಮಲಯಾಳದ ರಾಗದಲ್ಲಿ. ಮಕ್ಕಳು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಸಿಹಿಯಾದ ಮನುಷ್ಯರಾಗಿರಲಿಲ್ಲ ಅವರು. ಇದನ್ನು ಹೇಳಲೇಬೇಕು, ಏಕೆಂದರೆ ಸತ್ತ ಮೇಲೆ ಎಲ್ಲ ಟೀಚರುಗಳೂ ತಾಯಿಯಂಥವರಾಗಿಬಿಡುತ್ತಾರೆ. ಕಾಗುಣಿತ ತಪ್ಪಿದರೆ ನೋಟ್‌ಬುಕ್ಕನ್ನು ಮೇಜಿನಿಂದ ಕೆಳಗೆ ತಳ್ಳುತ್ತಿದ್ದರು. ಮಗು ಬಂದು ಎತ್ತಿಕೊಳ್ಳಬೇಕಿತ್ತು. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನನ್ನು ವರ್ಷಪೂರ್ತಿ ಮಾತಾಡಿಸದೆ ಇದ್ದರು. ಅವನ ತಾಯಿ ಬಂದು ಕೇಳಿಕೊಂಡ ಮೇಲೂ ಅಷ್ಟೇ. ಮರೆಯುವುದು ಅವರಿಗೆ ಬರುತ್ತಿರಲಿಲ್ಲ. ಕ್ಷಮಿಸುವುದು ಕಾನ್ವೆಂಟಿನಲ್ಲಿ ದಿನಕ್ಕೆರಡು ಸಲ ಮಾಡಬೇಕಿತ್ತು, ಅದಕ್ಕೇ ಸಾಕಾಗಿದೆ ಎನ್ನುತ್ತಿದ್ದರು.

ಲ್ಯಾಟಿನ್ ನಮ್ಮ ಶಾಲೆಗೆ ಬಂದದ್ದು ಕಾರ್ಯದರ್ಶಿಗಳಿಂದ. ಅವರು ಮೈಸೂರಿನಲ್ಲಿ ಯಾವುದೋ ಸಭೆಗೆ ಹೋಗಿ, ಲ್ಯಾಟಿನ್ ಗೊತ್ತಿದ್ದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಸ್ಪರ್ಧೆಗಳಲ್ಲಿ ಮಕ್ಕಳು ಗೆಲ್ಲುತ್ತಾರೆ ಎಂದು ಕೇಳಿಕೊಂಡು ಬಂದಿದ್ದರು. ಮುಂದಿನ ವಾರವೇ ಬಸ್ ಸ್ಟ್ಯಾಂಡಿನ ಎದುರೂ ಶಾಲೆಯ ಕಾಂಪೌಂಡಿನ ಮೇಲೂ ಫ್ಲೆಕ್ಸ್ ಕಟ್ಟಿಸಿದರು: ತಾಲ್ಲೂಕಿನಲ್ಲೇ ಮೊದಲ ಬಾರಿಗೆ ಲ್ಯಾಟಿನ್ ಶಿಕ್ಷಣ. ಫ್ಲೆಕ್ಸ್ ಕಟ್ಟಿದ ಮೇಲೆ, ಲ್ಯಾಟಿನ್ ಬಲ್ಲವರು ಯಾರಿದ್ದಾರೆ ಎಂಬ ಪ್ರಶ್ನೆ ಹುಟ್ಟಿತು. ಕಾನ್ವೆಂಟಿನ ಪುಸ್ತಕದ ಕೋಣೆ ನೋಡಿಕೊಳ್ಳುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರಿಂದ ಟೀಚರ್ ಅದನ್ನು ಕಲಿತಿದ್ದರು. ಕಾರ್ಯದರ್ಶಿಗಳು ಕರೆಸಿ, ನೂರು ಪದ ಬಾಯಿಪಾಠ ಮಾಡಿಸಿ ಸಾಕು ಎಂದರಂತೆ. ಇವರು, ಬಾಯಿಪಾಠ ಮಾಡಿಸುವುದಿಲ್ಲ, ಒಂದೇ ಒಂದು ಕ್ರಿಯಾಪದ ಕಲಿಸುತ್ತೇನೆ, ಅದನ್ನು ಸರಿಯಾಗಿ ಕಲಿಸುತ್ತೇನೆ ಎಂದರಂತೆ. ಏನಾದರೂ ಮಾಡಿ, ಬೋರ್ಡ್ ಹಾಕಿಬಿಟ್ಟಿದ್ದೇವೆ ಎಂದು ಕಾರ್ಯದರ್ಶಿಗಳು ಒಪ್ಪಿದರು.

ಯಾವ ಕ್ರಿಯಾಪದ ಎಂದು ಟೀಚರ್ ನನ್ನನ್ನು ಕೂರಿಸಿಕೊಂಡು ಯೋಚಿಸಿದರು. ಅರ್ಥವನ್ನು ಮಕ್ಕಳಿಗೆ ಕನ್ನಡದಲ್ಲೂ ಹೇಳಬೇಕು ಎಂದು ನನ್ನನ್ನೂ ಆ ತರಗತಿಗೆ ಹಾಕಿದ್ದರು. ಎಲ್ಲ ಲ್ಯಾಟಿನ್ ಪಠ್ಯಗಳೂ ‘ಪ್ರೀತಿಸು’ ಎಂಬುದರಿಂದ ಶುರುವಾಗುತ್ತವಂತೆ. ಆರನೇ ತರಗತಿಯ ಹೆಣ್ಣುಮಕ್ಕಳು ಮನೆಗೆ ಹೋಗಿ ‘ಪ್ರೀತಿಸುತ್ತೇನೆ, ಪ್ರೀತಿಸುತ್ತೀಯೆ’ ಎಂದು ಒಪ್ಪಿಸಿದರೆ ನಾಳೆ ನನ್ನ ಗತಿ ಏನು ಎಂದು ಅದನ್ನು ಕೈಬಿಟ್ಟರು. ಇನ್ನೊಂದು ‘ಸ್ತುತಿಸು’. ಅದರಲ್ಲಿ ಇಗರ್ಜಿಯ ವಾಸನೆ ಇದೆ, ಬೇಡ ಎಂದರು. ಕೊನೆಗೆ ‘ಕರೆ’ ಎಂಬುದು ನಿಶ್ಚಯವಾಯಿತು. ಕೂಗಿ ಕರೆಯುವುದು. ಇದರಲ್ಲಿ ಯಾರಿಗೂ ತಕರಾರು ಇರಲಾರದು ಎಂದು ಇಬ್ಬರೂ ಸಮಾಧಾನಪಟ್ಟುಕೊಂಡೆವು.

ವೊಕೋ, ವೊಕಾಸ್, ವೊಕತ್. ವೊಕಾಮುಸ್, ವೊಕಾತಿಸ್, ವೊಕಂತ್.

ಅವರು ಬೋರ್ಡಿನ ಎಡಕ್ಕೆ ಇದನ್ನು ಬರೆದರು, ನಾನು ಬಲಕ್ಕೆ ಕರೆಯುತ್ತೇನೆ, ಕರೆಯುತ್ತೀಯೆ ಎಂದು ಬರೆಯುತ್ತ ಹೋದೆ. ಮೂರನೆಯದಕ್ಕೆ ಬಂದಾಗ ನನ್ನ ಕೈ ನಿಂತಿತು. ಲ್ಯಾಟಿನ್ನಿನ ‘ವೊಕತ್’ ಒಂದೇ; ಕನ್ನಡದಲ್ಲಿ ಕರೆಯುತ್ತಾನೆಯೋ, ಕರೆಯುತ್ತಾಳೆಯೋ, ಕರೆಯುತ್ತದೆಯೋ? ಗಂಡುಮಕ್ಕಳು ಒಂದು ಕೂಗಿದರು, ಹೆಣ್ಣುಮಕ್ಕಳು ಇನ್ನೊಂದು ಕೂಗಿದರು. ಟೀಚರ್ ನನ್ನ ಕಡೆ ತಿರುಗಿ, ರೋಮಿನವರಿಗೆ ಯಾರಾದರೂ ಕರೆದರೆ ಸಾಕಿತ್ತು, ನಿಮಗೆ ಗಂಡೋ ಹೆಣ್ಣೋ ಮೊದಲು ಗೊತ್ತಾಗಬೇಕು ಎಂದರು. ಆದರೆ ಇನ್ನೊಂದು ವಿಷಯದಲ್ಲಿ ಅವರಿಗೆ ಕನ್ನಡದ ಮೇಲೆ ಬಹಳ ಅಭಿಮಾನ ಬಂದುಬಿಟ್ಟಿತು. ಇಂಗ್ಲಿಷಿನಲ್ಲಿ ‘ನಾನು’ ಎನ್ನದೆ ವಾಕ್ಯವೇ ಏಳುವುದಿಲ್ಲ. ಕನ್ನಡದಲ್ಲೂ ಲ್ಯಾಟಿನ್ನಿನಲ್ಲೂ ಕ್ರಿಯಾಪದದ ಬಾಲದಲ್ಲೇ ‘ನಾನು’ ಕೂತಿರುತ್ತದೆ. ಆ ದಿನ ಅವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಆಮೇಲೆ ಯಾವತ್ತೂ ಕಾಣಲಿಲ್ಲ. ಲ್ಯಾಟಿನ್ನಿನಲ್ಲಿ ಗೌರವಕ್ಕೆ ಬಹುವಚನವಿಲ್ಲ, ಚಕ್ರವರ್ತಿಗೂ ‘ನೀನು’ ಎಂದೇ ಅನ್ನುತ್ತಿದ್ದರು ಎಂದಾಗ, ಸೆಕ್ರೆಟರಿ ಸಾರ್‌ಗೂ ಹಾಗೆ ಅನ್ನಬಹುದೇ ಎಂದು ಒಬ್ಬ ಹುಡುಗ ಕೇಳಿದ. ಲ್ಯಾಟಿನ್ನಿನಲ್ಲಾದರೆ ಧಾರಾಳವಾಗಿ ಅನ್ನು ಎಂದರು.

ಆ ತರಗತಿಯಲ್ಲಿ ಸಿಂಚನ ಎಂಬ ಹುಡುಗಿ ಇದ್ದಳು. ಎಡಗೈಯಲ್ಲಿ ಬರೆಯುವವಳು. ಪೇಟೆಯಿಂದ ಆಚೆಯ ಒಂದು ಹಳ್ಳಿಯವಳು. ಅವಳ ತಂದೆ ಚೆಂಡುಹೂ ವ್ಯಾಪಾರ ಮಾಡುತ್ತಿದ್ದರು, ಮನೆಯಲ್ಲಿ ಹಸುಗಳಿದ್ದವು. ‘ವೊಕೋ’ ಎಂಬುದಕ್ಕೆ ವಾಕ್ಯ ಮಾಡು ಎಂದರೆ ಎದ್ದು ನಿಂತು, “ನಾನು ಹಾಲು ಕರೀತೀನಿ ಮಿಸ್” ಎಂದಿದ್ದಳು. ಕರೆಯುವುದಕ್ಕೆ ನಮ್ಮಲ್ಲಿ ಆ ಅರ್ಥವೂ ಇದೆ ಎಂದು ನಾನು ವಿವರಿಸಬೇಕಾಯಿತು. ಟೀಚರ್ ನೋಟ್‌ಬುಕ್ ತಳ್ಳಲಿಲ್ಲ. ಕುರ್ಚಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಅವಳ ಮೇಲೆ ಅವರಿಗೆ ವಿಶೇಷ ಕಣ್ಣು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳನ್ನು ಕೂರಿಸಿಕೊಂಡು ಮುಂದಿನ ಪಾಠಗಳನ್ನು ಹೇಳಿಕೊಡತೊಡಗಿದರು. ಕ್ವಿಸ್ ವೊಕತ್? ಯಾರು ಕರೆಯುತ್ತಿದ್ದಾರೆ? ಮಾತೆರ್ ವೊಕತ್. ತಾಯಿ ಕರೆಯುತ್ತಾಳೆ.

ಕಾನ್ವೆಂಟ್ ಏಕೆ ಬಿಟ್ಟಿರಿ ಎಂದು ನಾನು ಒಮ್ಮೆ ಮಾತ್ರ ಕೇಳಿದ್ದೆ. ಅವರಲ್ಲಿ ‘ದೈವಕರೆ’ ಎಂಬ ಮಾತಿದೆಯಂತೆ. ಸಿಸ್ಟರ್ ಆಗುವವರನ್ನು ದೇವರೇ ಕರೆಯುತ್ತಾನೆ ಎಂದು. ಜೊತೆಯ ಹುಡುಗಿಯರು ನನಗೆ ಕೇಳಿಸಿತು, ನನಗೆ ಕೇಳಿಸಿತು ಎನ್ನುತ್ತಿದ್ದಾಗ ಇವರೂ ಹೌದು ಎಂದಿದ್ದರು. ಆಮೇಲೆ ಎಷ್ಟೋ ವರ್ಷ ಕಾದರು. ಕೊನೆಗೆ, ನನ್ನನ್ನು ಯಾರೂ ಕರೆದಿರಲಿಲ್ಲ ಎಂಬುದು ಖಚಿತವಾಯಿತು, ಸುಳ್ಳು ಹೇಳಿಕೊಂಡು ಇರುವುದು ಬೇಡವೆಂದು ಬಂದೆ ಎಂದರು. ಗುಂಡ್ಲುಪೇಟೆಗೆ ಬಂದ ಮೇಲೆ ಅವರು ಇಗರ್ಜಿಯ ಮೆಟ್ಟಿಲು ಹತ್ತಿರಲಿಲ್ಲ. ಮನೆಯಲ್ಲಿ ಒಂದು ಶಿಲುಬೆಯೂ ಇರಲಿಲ್ಲ. ತಮ್ಮನ ಮನೆಯವರು ಅದಕ್ಕೇ ಇವರೊಡನೆ ಮಾತು ಕಡಿಮೆ ಮಾಡಿದ್ದರು. ಇದೆಲ್ಲ ನನಗೊಬ್ಬಳಿಗೆ ಗೊತ್ತಿತ್ತು.

ಸಿಂಚನ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುತ್ತ ಆ ಪಾಠಗಳನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದಳು. ಅವಳ ಚಿಕ್ಕಪ್ಪನ ಮಗ ಅದನ್ನು ಫೋನಿನಲ್ಲಿ ಹಿಡಿದು, ನಮ್ಮ ಮಕ್ಕಳ ಬಾಯಲ್ಲಿ ಇವರು ಏನು ಹೇಳಿಸುತ್ತಿದ್ದಾರೆ ನೋಡಿ ಎಂದು ಬರೆದು ಹರಿಬಿಟ್ಟ. ಎರಡೇ ದಿನದಲ್ಲಿ ಅದು ತಾಲ್ಲೂಕನ್ನೆಲ್ಲ ಸುತ್ತಿತು. ಮೂರನೆಯ ದಿನ ಶಾಲೆಯ ಗೇಟಿನ ಬಳಿ ಬೈಕುಗಳು ನಿಂತವು.

ಕಾರ್ಯದರ್ಶಿಗಳ ಕೋಣೆಯಲ್ಲಿ ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಟೀಚರನ್ನೂ ನನ್ನನ್ನೂ ಕರೆಸಿದರು. ನಾವು ಒಳಗೆ ಹೋಗುವ ಹೊತ್ತಿಗೆ ಕಾರ್ಯದರ್ಶಿಗಳು, ತಾವು ಹೇಳಿದ್ದು ಬರೀ ಸ್ಪೆಲ್ಲಿಂಗ್ ಕಲಿಸಲು, ಇದನ್ನೆಲ್ಲ ಇವರು ಸ್ವಂತ ಬುದ್ಧಿಯಿಂದ ಮಾಡಿದ್ದು ಎಂದು ವಿವರಿಸುತ್ತಿದ್ದರು. ಕಿಟಕಿಯಿಂದ ನೋಡಿದರೆ ಆಯಾ ಒಬ್ಬಳು ಕಾಂಪೌಂಡಿನ ಮೇಲಿದ್ದ ಲ್ಯಾಟಿನ್ ಫ್ಲೆಕ್ಸನ್ನು ಮಡಿಸುತ್ತಿದ್ದಳು.

ಸಿಂಚನಳ ತಂದೆ ಜಗಳಗಂಟರಾಗಿರಲಿಲ್ಲ. ನಿಜವಾಗಿ ಹೆದರಿದ್ದರು. ಅವರೇ ಮೊದಲು ಮಾತಾಡಿದರು. “ನಂಗೆ ಓದು ಬರಹ ಅಷ್ಟಿಲ್ಲ ಮಿಸ್. ನಮ್ಮುಡ್ಗಿ ಕೊಟ್ಗೇಲಿ ಕೂತ್ಕಂಡು ಏನೋ ಮಂತ್ರ ಏಳ್ತಾವ್ಳೆ. ಅದೇನು ಅಂತ ಕನ್ನಡ್ದಲ್ಲಿ ಏಳ್ಬುಡಿ ಸಾಕು.”

ಕನ್ನಡದವಳು ನಾನು. ನಾನೇ ಹೇಳಿದೆ. ಇದು ಮಂತ್ರವಲ್ಲ, ವ್ಯಾಕರಣ. ಕರೆಯುತ್ತೇನೆ, ಕರೆಯುತ್ತೀಯೆ, ಕರೆಯುತ್ತಾನೆ ಎಂದು ಇಡೀ ಪಟ್ಟಿಯನ್ನು ಒಪ್ಪಿಸಿದೆ. ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿಕೊಂಡು ಒಪ್ಪಿಸಿದೆ.

“ಯಾರ್ನ ಕರಿಯಾದು?” ಎಂದು ಗೋಡೆಗೆ ಒರಗಿದ್ದವರೊಬ್ಬರು ಕೇಳಿದರು.

ಯಾರನ್ನೂ ಅಲ್ಲ, ಇದರಲ್ಲಿ ಕರ್ಮಪದ ಇಲ್ಲ, ಬರೀ ಕ್ರಿಯಾಪದದ ರೂಪಗಳು ಎಂದೆ.

“ಯಾರ್ನೂ ಕರೀದೆ ಕರಿಯಾದು ಎಂಗೆ ಮಿಸ್?”

ಆ ಮನುಷ್ಯ ದಡ್ಡನಾಗಿರಲಿಲ್ಲ. ‘ಮಾತೆರ್’ ಎಂದರೇನು ಎಂದು ಇನ್ನೊಬ್ಬರು ಕೇಳಿದರು. ತಾಯಿ ಎಂದೆ. ಯಾವ ತಾಯಿ ಎಂದರು. ಯಾವ ತಾಯಿಯಾದರೂ ಸರಿ ಎಂದೆ. ಕೋಣೆಯಲ್ಲಿ ಯಾರೋ ನಕ್ಕರು. ನಮಗೆ ಗೊತ್ತು ಯಾವ ತಾಯಿ ಎಂದು, ಎಂದರು. ಅಲ್ಲಿಗೆ ನನ್ನ ಅನುವಾದ ಮುಗಿಯಿತು.

ಆಗ ನನಗೆ ಉಳಿದಿದ್ದದ್ದು ಒಂದೇ ಮಾತು: ಇವರು ಇಗರ್ಜಿಗೇ ಹೋಗುವುದಿಲ್ಲ, ಎಲ್ಲ ಬಿಟ್ಟು ಬಂದವರು, ಇವರು ಯಾರಿಗೆ ಏನನ್ನು ಬೋಧಿಸಿಯಾರು ಎಂಬುದು. ಅದನ್ನು ಹೇಳಲು ಬಾಯಿ ತೆರೆದೆ. ಟೀಚರ್ ನನ್ನ ಮುಂಗೈ ಹಿಡಿದರು. ನೋವಾಗುವಷ್ಟು ಬಿಗಿಯಾಗಿ ಹಿಡಿದು, ಬೇಡ ಎಂದು ತಲೆಯಾಡಿಸಿದರು.

ಕಾರ್ಯದರ್ಶಿಗಳು ಸಿಂಚನಳನ್ನು ಕರೆಸಿದರು. ಮಗು ಬಾಗಿಲಲ್ಲಿ ನಿಂತು ಇಷ್ಟೊಂದು ಗಂಡಸರನ್ನು ನೋಡಿತು, ತಂದೆಯನ್ನು ನೋಡಿತು. ಮಿಸ್ ನಿನ್ನ ಕೈಲಿ ಪ್ರೇಯರ್ ಮಾಡಿಸುತ್ತಿದ್ದರಾ ಎಂದು ಕಾರ್ಯದರ್ಶಿಗಳು ಬಹಳ ಮೃದುವಾಗಿ ಕೇಳಿದರು. ಹೆದರಬೇಡ, ನಿನಗೇನೂ ಆಗುವುದಿಲ್ಲ ಎಂದರು. ಅವಳು ಟೀಚರ ಕಡೆ ನೋಡಲಿಲ್ಲ. “ಹೂಂ” ಎಂದಳು. ಊಟದ ಹೊತ್ತಿನಲ್ಲಿ ಒಬ್ಬಳನ್ನೇ ಕೂರಿಸಿಕೊಳ್ಳುತ್ತಿದ್ದರಾ ಎಂದರು. ಅದಕ್ಕೂ ಹೂಂ ಎಂದಳು. ಅದು ನಿಜವೇ ಆಗಿತ್ತು.

ಆಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ನಾನು ಅವರ ಮೇಲೆ ಸಿಟ್ಟಾದೆ. ಆ ಒಂದು ಮಾತು ಹೇಳಲು ಬಿಟ್ಟಿದ್ದರೆ ನಿಮ್ಮ ಕೆಲಸ ಉಳಿಯುತ್ತಿತ್ತು, ಏಕೆ ತಡೆದಿರಿ ಎಂದೆ.

“ಕನ್ನಡ ಟೀಚರೇ, ನಾನು ಭಾನುವಾರ ಭಾನುವಾರ ಇಗರ್ಜಿ ಪೂಜೆಗೆ ಹೋಗೋಳಾಗಿದ್ರೆ ಇವತ್ತು ಅವರು ಮಾಡಿದ್ದು ಸರಿ ಆಗ್ತಿತ್ತಾ? ಆ ಮಾತು ಹೇಳಿ ನಾನು ಉಳ್ಕೊಂಡ್ರೆ, ಹೋಗೋರೆಲ್ಲ ಕಳ್ಳರು ಅಂತ ನಾನೇ ಒಪ್ಪಿದ ಹಾಗೆ. ನನ್ನಮ್ಮ ಹೋಗ್ತಿದ್ರು.”

ಅಷ್ಟು ಹೇಳಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟರು. ಮಾರನೆಯ ದಿನದಿಂದ ಬರಬೇಡಿ ಎಂದು ಹೇಳಿಯಾಗಿತ್ತು. ಮನೆಗೆ ಟ್ಯೂಷನ್ನಿಗೆ ಬರುತ್ತಿದ್ದ ಮಕ್ಕಳು ಒಂದು ವಾರದೊಳಗೆ ನಿಂತರು. ಮನೆ ಮಾಲೀಕರ ಹೆಂಡತಿ, ಅವರಿಗೆ ಕನ್ನಡ ಕಲಿಸಿದ ಅದೇ ಹೆಂಗಸು, ಮಗಳು ಬಾಣಂತನಕ್ಕೆ ಬರುತ್ತಾಳೆ, ಜಾಗ ಬೇಕು ಎಂದರು. ಮಗಳಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಟೀಚರ್ ಈ ಮಾತನ್ನು ನನಗೆ ಹೇಳುವಾಗ ಆ ಹೆಂಗಸಿನ ಧ್ವನಿಯನ್ನೇ ಅಣಕಿಸಿ ತೋರಿಸಿದರು. ನಗು ಬರಲಿಲ್ಲ.

ಅವರು ಚಾಮರಾಜನಗರಕ್ಕೆ ಹೋದರು. ಅಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವ ಒಂದು ಸಣ್ಣ ಕೋಚಿಂಗ್ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಮರುವರ್ಷ ನನಗೆ ಹರದನಹಳ್ಳಿಯ ಕಡೆಯ ಹೈಸ್ಕೂಲಿಗೆ ಸರ್ಕಾರಿ ಕೆಲಸವಾಗಿ ನಾನೂ ಆ ಭಾಗಕ್ಕೆ ಹೋದೆ. ತಿಂಗಳಿಗೊಮ್ಮೆಯಾದರೂ ಅವರನ್ನು ನೋಡುತ್ತಿದ್ದೆ. ನೋಡಿ ಬಂದ ದಿನ ಮನಸ್ಸು ಹಗುರಾಗುತ್ತಿರಲಿಲ್ಲ. ಅವರು ಬದಲಾಗಿದ್ದರು. ಬಣ್ಣದ ಸೀರೆಗಳು ಹೋಗಿ ಯಾವುದೋ ಮಾಸಲು ಚೂಡಿದಾರ ಬಂದಿತ್ತು. ಎಲ್ಲರ ಬಗ್ಗೆಯೂ ಕೊಂಕು ಮಾತು. ಕಲಿಸುವ ಹುಡುಗಿಯರನ್ನು ಮೂದಲಿಸುತ್ತಿದ್ದರು. ನಾನು ತೆಗೆದುಕೊಂಡು ಹೋದ ಒಬ್ಬಟ್ಟನ್ನು ನನ್ನೆದುರೇ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು. ಲ್ಯಾಟಿನ್ ವಿಷಯ ಎತ್ತಿದರೆ, ಅದು ಸತ್ತ ಭಾಷೆ, ಸತ್ತದ್ದನ್ನು ಏಕೆ ಕೆದಕುತ್ತೀರಿ ಎನ್ನುತ್ತಿದ್ದರು. ಅನ್ಯಾಯಕ್ಕೊಳಗಾದವರು ಅದರಿಂದ ಇನ್ನಷ್ಟು ದೊಡ್ಡವರಾಗುತ್ತಾರೆ ಎಂದು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಇವರು ಚಿಕ್ಕವರಾದರು. ನಾನೇ ಕಣ್ಣಾರೆ ನೋಡಿದೆ.

ಒಂದು ಮಧ್ಯಾಹ್ನ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಕಾಲೇಜು ಬ್ಯಾಗಿನ ಹುಡುಗಿಯೊಬ್ಬಳು ಗುಂಪಿನಿಂದ ಬಿಡಿಸಿಕೊಂಡು ಬಂದು ನಮ್ಮೆದುರು ನಿಂತಳು. ಎತ್ತರವಾಗಿದ್ದಳು, ಆದರೆ ಸಿಂಚನ ಎಂದು ನನಗೆ ತಕ್ಷಣ ತಿಳಿಯಿತು. ನಗರದಲ್ಲೇ ಪಿಯುಸಿಗೆ ಸೇರಿದ್ದಾಳಂತೆ. ನನಗೆ ನಮಸ್ಕಾರ ಹೇಳಿ ಟೀಚರ ಕಡೆ ತಿರುಗಿ, “ಮಿಸ್, ನಾನು...” ಎಂದಳು. ಬಹಳ ದಿನದಿಂದ ಏನೋ ಹೇಳಬೇಕೆಂದು ಕಟ್ಟಿಕೊಂಡು ಬಂದವಳ ಹಾಗಿತ್ತು ಮುಖ.

ಟೀಚರ್ ಕನ್ನಡಕ ಸರಿಮಾಡಿಕೊಂಡು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಯಾರು ನೀವು? ನನಗೆ ಗುರುತು ಸಿಗ್ತಾ ಇಲ್ಲ” ಎಂದರು.

ಸಿಂಚನ ಹೆಸರು ಹೇಳಿದಳು, ಊರು ಹೇಳಿದಳು. ನಾನೂ ಬಾಯಿ ಹಾಕಿದೆ. ಎಷ್ಟೊಂದು ಮಕ್ಕಳು ಬರ್ತಾರೆ, ಹೋಗ್ತಾರೆ, ಎಲ್ಲರದೂ ಎಲ್ಲಿ ನೆನಪಿರುತ್ತೆ ಎಂದು ಟೀಚರ್ ರಸ್ತೆಯ ಕಡೆ ತಿರುಗಿಕೊಂಡರು. ಹುಡುಗಿ ತನ್ನ ಗುಂಪಿನ ಕಡೆಗೆ ಹೋದಳು.

ಅವಳು ಮರೆಯಾದ ಮೇಲೆ ಟೀಚರ್, “ಇನ್ನೂ ಎಡಗೈಯಲ್ಲೇ ಬ್ಯಾಗ್ ಹಿಡೀತಾಳೆ” ಎಂದರು.

ನನಗೆ ಮೈ ಉರಿದುಹೋಯಿತು. ಅವಳಾಗ ಸಣ್ಣ ಮಗು, ಅಷ್ಟು ಜನ ಗಂಡಸರ ನಡುವೆ ಅಪ್ಪನ ಮುಖ ನೋಡಿ ಹೂಂ ಅಂದಿದೆ, ಅದರ ಮೇಲೆ ಹಗೆ ಸಾಧಿಸುತ್ತೀರಾ ಎಂದು ಕೇಳಿದೆ.

“ಅವಳು ಮಗು. ಅವಳಪ್ಪ ಪಾಪ, ಓದಿಲ್ಲ. ಸೆಕ್ರೆಟರಿಗೆ ಶಾಲೆ ಉಳೀಬೇಕು. ಮನೆಯವಳಿಗೆ ಊರಿನ ಭಯ. ಎಲ್ಲರಿಗೂ ಒಂದೊಂದು ಕಾರಣ ಇದೆ ಟೀಚರೇ. ಎಲ್ಲರನ್ನೂ ಅರ್ಥ ಮಾಡ್ಕೊಂಡು ನಾನೊಬ್ಳೇ ಯಾಕೆ ದೊಡ್ಡವಳಾಗಿರ್ಬೇಕು? ಆಗಲ್ಲ, ಬುಡಿ.”

ಬಸ್ ಬಂತು. ಹತ್ತಿ ಹೋದರು. ಅದಾದ ಮೇಲೆ ನಾನು ಅವರನ್ನು ನೋಡಲು ಹೋಗುವುದು ಕಡಿಮೆಯಾಯಿತು. ಅವರಿಗೆ ಕಾಯಿಲೆಯಾದದ್ದು, ಆಸ್ಪತ್ರೆ ಸೇರಿದ್ದು ಯಾವುದನ್ನೂ ಅವರು ತಿಳಿಸಲಿಲ್ಲ. ಗೊತ್ತಾದದ್ದು ಆ ಕೈಮುಗಿದ ಚಿತ್ರಗಳಿಂದಲೇ.

ಹಾಲು ಚೆಲ್ಲಿದ ಒಲೆಯನ್ನು ಹಾಗೇ ಬಿಟ್ಟು ಚಾಮರಾಜನಗರಕ್ಕೆ ಹೋದೆ. ಆಸ್ಪತ್ರೆಯ ಹಿಂಬದಿಯಲ್ಲಿ ಆಂಬುಲೆನ್ಸ್ ನಿಂತಿತ್ತು. ವಯನಾಡಿನಿಂದ ಅವರ ತಮ್ಮ ಬಂದಿದ್ದರು. ಊರಿಗೆ ಕೊಂಡೊಯ್ದು ತಾಯಿಯ ಪಕ್ಕದಲ್ಲಿ ಮಣ್ಣು ಮಾಡುತ್ತೇವೆ ಎಂದರು. ಪಾದ್ರಿಗಳು ಒಪ್ಪಿದ್ದಾರೆ ಎಂದೂ ಸೇರಿಸಿದರು, ನಾನು ಕೇಳದಿದ್ದರೂ. ಆ ಹೊತ್ತಿಗೆ ಅವರ ಫೋನಿಗೆ ಕಾರ್ಯದರ್ಶಿಗಳ ಕರೆ ಬಂತು. ಗಾಡಿ ಗುಂಡ್ಲುಪೇಟೆಯ ಮೇಲೆಯೇ ಹೋಗುವುದರಿಂದ ಶಾಲೆಯ ಮುಂದೆ ಹತ್ತು ನಿಮಿಷ ನಿಲ್ಲಿಸಿ, ಮಕ್ಕಳು ಸಾಲಾಗಿ ಹೂ ಹಾಕುತ್ತಾರೆ, ಫೋಟೊದವರಿಗೂ ಹೇಳಿದ್ದೇವೆ ಎಂದು. ತಮ್ಮನಿಗೆ ಏನೂ ಗೊತ್ತಿರಲಿಲ್ಲ. ಅಕ್ಕನ ಮೇಲೆ ಇಷ್ಟು ಪ್ರೀತಿಯೇ ಎಂದು ಅವರ ಕಣ್ಣು ತುಂಬಿತ್ತು. ನಿಲ್ಲಿಸಲೇ ಎಂದು ನನ್ನನ್ನು ಕೇಳಿದರು.

“ನಿಲ್ಲಿಸ್ಬೇಡಿ” ಎಂದೆ. ಅವರು ನನ್ನ ಮುಖ ನೋಡಿ ಡ್ರೈವರಿಗೆ ಮಲಯಾಳದಲ್ಲಿ ಏನೋ ಹೇಳಿದರು.

ಆಂಬುಲೆನ್ಸ್ ಹೊರಟ ಮೇಲೆ ನೋಡಿದರೆ, ಔಷಧಿ ಅಂಗಡಿಯ ಹತ್ತಿರ ಸಿಂಚನ ನಿಂತಿದ್ದಳು. ಯಾವಾಗ ಬಂದಳೋ. ಹತ್ತಿರ ಬರಲು ಅವಳಿಗೆ ಧೈರ್ಯವಾಗಿರಲಿಲ್ಲ. ಈಗ ಬಂದಳು.

“ಅವತ್ತು ಬಸ್ ಸ್ಟ್ಯಾಂಡಲ್ಲಿ ಮಿಸ್ಸು ನಂಗೆ ಗುರ್ತು ಸಿಗಲಿಲ್ಲ ಅಂದ್ರಲ್ಲ ಮಿಸ್. ನಿಜ್ವಾಗ್ಲೂ ಸಿಕ್ಕಿರ್ಲಿಲ್ವಾ?”

ಇಲ್ಲ ಕಣಮ್ಮಿ, ವಯಸ್ಸಾಗಿತ್ತು, ಮರೆತಿದ್ದರು ಎನ್ನಬಹುದಿತ್ತು. ಅಷ್ಟು ಹೇಳಿದ್ದರೆ ಅವಳು ಹಗುರಾಗಿ ಮನೆಗೆ ಹೋಗುತ್ತಿದ್ದಳು. ಆದರೆ ಈಗ ತಾನೇ ಹೋದ ಆ ಗಾಡಿಯಲ್ಲಿ ಮಲಗಿದ್ದವರನ್ನು ಮರೆವಿನ ಮುದುಕಿಯನ್ನಾಗಿ ಮಾಡಲು ನನ್ನಿಂದ ಆಗಲಿಲ್ಲ.

“ಸಿಕ್ಕಿತ್ತು ಕಣಮ್ಮಿ. ನೀನು ಹತ್ರ ಬರೋಕೆ ಮುಂಚೇನೇ ಸಿಕ್ಕಿತ್ತು.”

ಅವಳು ಅಳಲಿಲ್ಲ. “ನಂಗೂ ಅಂಗೇ ಅನ್ಸಿತ್ತು” ಎಂದಳು. ಬಸ್ ಸ್ಟ್ಯಾಂಡಿನವರೆಗೆ ಸ್ಕೂಟಿಯಲ್ಲಿ ಬಿಡುತ್ತೇನೆ ಬಾ ಎಂದೆ. ಬ್ಯಾಡ ಮಿಸ್, ನಡ್ಕಂಡೇ ಓಯ್ತಿನಿ ಎಂದಳು.